ಸುಲಿತದ ರಾತ್ರಿಯ ಪ್ರಶ್ನೆ

ಸಾಗರ ಸೀಮೆಯ ಅಡಕೆ ಮನೆಗಳಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ನಿದ್ದೆ ಕಡಿಮೆ, ಮಾತು ಜಾಸ್ತಿ. ಎಪ್ಪತ್ತರ ದಶಕದಲ್ಲಿ ಮಕ್ಕಳಾಗಿದ್ದ ನಮಗೆಲ್ಲ ಆ ರಾತ್ರಿಗಳ ವಾಸನೆ ಇನ್ನೂ ಮೂಗಿನಲ್ಲಿದೆ. ಅಂಗಳದ ಮೂಲೆಯ ಹಂಡೆಯಿಂದ ಏಳುವ ಚೊಗರಿನ ಒಗರು ಹಬೆ, ಗ್ಯಾಸ್‌ಲೈಟಿನ ಸೀಮೆಎಣ್ಣೆ, ಹಸಿ ಸಿಪ್ಪೆಯ ರಾಶಿ, ದೊಡ್ಡವರ ಬಾಯಿಯ ಕವಳ, ಇಷ್ಟೂ ಸೇರಿ ಜಗುಲಿಗೆ ಒಂದು ಗಾಳಿಯೇ ಬೇರೆ ಇರುತ್ತಿತ್ತು. ಸಾಲಾಗಿ ಕೂತವರ ಮೆಟ್ಟುಗತ್ತಿಗಳ ಟಕ್ ಟಕ್ ಸದ್ದಿನ ನಡುವೆ, ಸುಲಿದ ಬೇಳೆ ಬುಟ್ಟಿಗೆ ತುಂಬುವುದು, ಸಿಪ್ಪೆ ಎಳೆದು ಒಟ್ಟುವುದು, ಆಯಿ ಕೊಟ್ಟ ಬೆಲ್ಲದ ಕಾಫಿಯನ್ನು ಚೆಲ್ಲದಂತೆ ಎಲ್ಲರಿಗೂ ಹಂಚುವುದು ಮಕ್ಕಳ ಪಾಲಿನ ಕೆಲಸ. ಅದೆಲ್ಲ ನಡೆಯುತ್ತಿರುವಾಗಲೇ ಅಜ್ಜಯ್ಯ ಗಂಟಲು ಸರಿಮಾಡಿಕೊಂಡು ಅವತ್ತಿನ ಪ್ರಶ್ನೆ ಹಾಕುತ್ತಿದ್ದ.

ದಿನಕ್ಕೆ ಒಂದೇ ಪ್ರಶ್ನೆ. ಮಳೆಗಾಲದಲ್ಲಾದರೆ ಹೊಡತಲಿನ ಸುತ್ತ, ಬೇಸಿಗೆಯಲ್ಲಾದರೆ ಅಂಗಳದ ಚಪ್ಪರದಡಿ, ಸುಲಿತದ ಕಾಲದಲ್ಲಿ ಜಗುಲಿಯಲ್ಲಿ. ಉತ್ತರ ಹೇಳುವುದು ಮಾತ್ರ ಮಾರನೇ ರಾತ್ರಿ, ಅದೂ ರೇಡಿಯೊದ ವಾರ್ತೆ ಮುಗಿದ ಮೇಲೆ. ಗೊತ್ತಿದ್ದವರು ಅವಸರಪಟ್ಟರೆ "ತಡಿ, ನಾಳೆ ಹೇಳು" ಎಂದು ಬಾಯಿ ಮುಚ್ಚಿಸುತ್ತಿದ್ದ. ಹಾಗಾಗಿ ಒಂದಿಡೀ ಹಗಲು ನಾವು ಆ ಪ್ರಶ್ನೆಯನ್ನು ಹೊತ್ತುಕೊಂಡೇ ತಿರುಗಬೇಕಿತ್ತು. ಶಾಲೆಯ ಮೇಷ್ಟರನ್ನು ಕೇಳಿ, ಅಂಚೆಯಣ್ಣನನ್ನು ಕೇಳಿ, ಅಟ್ಟದ ಮೇಲೆ ಇಲಿ ಕಡಿದ ಹಳೆಯ 'ಕಸ್ತೂರಿ', 'ಸುಧಾ'ಗಳನ್ನು ಮಗುಚಿ, ಮಧ್ಯಾಹ್ನದ ಬಸ್ಸಿಗೆ ಬರುವ 'ಪ್ರಜಾವಾಣಿ'ಗಾಗಿ ರಸ್ತೆಯ ಕಟ್ಟೆಯ ಮೇಲೆ ಕಾದು, ಕೊನೆಗೆ ಅಂಗಡಿಯವನು ಮೆಣಸು ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದೆವು. ಗೆದ್ದವರಿಗೆ ಮಾರನೇ ಬೆಳಿಗ್ಗೆ ರೇಡಿಯೊದ ಗುಂಡಿ ತಿರುಗಿಸುವ ಹಕ್ಕು. ಅದಕ್ಕಿಂತ ದೊಡ್ಡ ಬಹುಮಾನ ನಮಗೆ ಬೇಕೂ ಇರಲಿಲ್ಲ. 6.55ರ ಸಂಸ್ಕೃತ ವಾರ್ತೆಯಲ್ಲಿ 'ಪ್ರವಾಚಕಃ ಬಲದೇವಾನಂದ ಸಾಗರಃ' ಎಂದು ಕೇಳಿದರೆ ಸಾಕು, ದೆಹಲಿಯಲ್ಲಿ ಕೂತು ಓದುವವರು ನಮ್ಮ ಸಾಗರದವರೇ ಎಂದು ಚಿಕ್ಕವರೆಲ್ಲ ಹಿಗ್ಗುತ್ತಿದ್ದೆವು.

ಕರ್ನಾಟಕದಲ್ಲಿ ಜಿಲ್ಲೆ ಎಷ್ಟು? ಆಗ 19. ಮೊದಲ ಜ್ಞಾನಪೀಠ ಬಂದ ಕನ್ನಡಿಗರು? ಕುವೆಂಪು. ಕಟ್ಟು ಹಾಕಿದ ಮೇಲೂ ಶರಾವತಿ ಹುಟ್ಟುವುದು ಎಲ್ಲಿ? ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಇವೆಲ್ಲ ಸಲೀಸು. ಆದರೆ ಅಜ್ಜಯ್ಯನ ಒಳ್ಳೆಯ ಪ್ರಶ್ನೆಗಳೆಲ್ಲ ಮನೆಯ ಅಂಗಳದಿಂದ ಹೊರಟು ಎಲ್ಲೆಲ್ಲೋ ಸುತ್ತಿ ಬರುವಂಥವು. ಮಳೆಗಾಲದಲ್ಲಿ ಗೊನೆಗೆ ಔಷಧ ಹೊಡೆಯುವ ದಿನ, ಮೈಲುತುತ್ತ ಮತ್ತು ಸುಣ್ಣ ಕಲಸಿ ಕೈಯೆಲ್ಲ ನೀಲಿಯಾಗಿದ್ದಾಗ, "ಈ ಬೋರ್ಡೋ ಎಲ್ಲಿಯ ಊರು? ನಮ್ಮ ಕೊಳೆರೋಗಕ್ಕೆ ಇದನ್ನ ತಂದವ್ರು ಯಾರು?" ಎಂದು ಕೇಳಿದ. ಬೋರ್ಡೋ ಫ್ರಾನ್ಸಿನ ದ್ರಾಕ್ಷಿ ತೋಟಗಳ ಸೀಮೆಯೆಂದು ಹೇಗೋ ಪತ್ತೆಮಾಡಿದೆವು. ಹೆಸರು ಮಾತ್ರ ಯಾರಿಗೂ ಸಿಗಲಿಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು, ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಲೆನಾಡಿನ ಅಡಕೆ ಮರದ ಕೊಳೆಯನ್ನು ಕೂತು ಓದಿದ ಲೆಸ್ಲಿ ಕೋಲ್ಮನ್ ಅವರ ಕಥೆಯನ್ನು ಅಜ್ಜಯ್ಯ ಹೇಳಿದ್ದು ಅವತ್ತು. "ಅವ ಇಲ್ದಿದ್ರೆ ನಿಂಗ್ಳ ಅಪ್ಪಯ್ಯಂದಿಕ್ಕೆ ತೋಟವೇ ಇರ್ತಿತ್ತಿಲ್ಲೆ" ಎಂದು ಮುಗಿಸಿದ.

ಪ್ರಶ್ನೆಯ ಬೆನ್ನಿಗೆ ಅವತ್ತಿನ ಸುದ್ದಿಯ ಬಗ್ಗೆ ಅವನದೊಂದು ಮಾತು ಇದ್ದೇ ಇರುತ್ತಿತ್ತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲೇ ಮುಗಿದು ಊರೂರೇ ಮುಳುಗಿ, ಅಲ್ಲಿಯ ಕರೆಂಟು ಬೆಂಗಳೂರಿನ ತನಕ ಓಡುತ್ತಿದ್ದಾಗ, ನೀರಿನ ದಡದ ನಮ್ಮ ಹಳ್ಳಿಗಳಲ್ಲಿ ಇನ್ನೂ ಲಾಟೀನು. ರೇಡಿಯೊದಲ್ಲಿ ವಿದ್ಯುತ್ತಿನ ಸುದ್ದಿ ಬಂದ ದಿನ ಅಜ್ಜಯ್ಯ ಮುಳುಗಿದ ಊರುಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದ, ಮಕ್ಕಳು ಅದನ್ನೇ ಪಾಠದಂತೆ ಒಪ್ಪಿಸಬೇಕಿತ್ತು. 1979ರ ಜುಲೈನಲ್ಲಿ ಸ್ಕೈಲ್ಯಾಬ್ ಬೀಳುತ್ತದೆಂದು ಊರೆಲ್ಲ ಹೆದರಿದಾಗ ಅದರ ತೂಕ ಎಷ್ಟೆಂದು ಕೇಳಿದ. ಸುಮಾರು 77 ಟನ್ ಎಂದು ತಿಳಿದ ಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. "ಮೇಲೆ ಹಾರ್ಸಲೆ ಗೊತ್ತಿದ್ದವಕ್ಕೆ ಕೆಳಗೆ ಇಳ್ಸಲೂ ಗೊತ್ತಿರಕಾಗಿತ್ತು" ಎನ್ನುವುದು ಆ ದಿನದ ಅವನ ತೀರ್ಪು. ಅಡುಗೆಮನೆಯ ಬಾಗಿಲಲ್ಲಿ ಹಲಸಿನ ಹಪ್ಪಳ ಸುಡುತ್ತಿದ್ದ ಅಮ್ಮಮ್ಮ ಅಲ್ಲಿಂದಲೇ ಅವನ ತೀರ್ಪಿಗೆ ತಕರಾರು ತೆಗೆಯುತ್ತಿದ್ದಳು. ಅರ್ಧಕ್ಕರ್ಧ ದಿನ ಅವಳೇ ಸರಿ ಇರುತ್ತಿದ್ದಳು, ಅಜ್ಜಯ್ಯ ಅದನ್ನು ಎಲ್ಲರೆದುರೇ ಒಪ್ಪುತ್ತಿದ್ದ.

ಭೂಸುಧಾರಣೆಯ ತಿದ್ದುಪಡಿ ಕಾಯ್ದೆ 1974ರಲ್ಲಿ ಜಾರಿಗೆ ಬಂದು ಗದ್ದೆಯ ಗೇಣಿದಾರರು ಡಿಕ್ಲರೇಷನ್ ಹಾಕುವ ಕಾಲ ಅದು. ದೊಡ್ಡವರ ಮುಖಗಳು ಬಿಗಿದಿದ್ದವು, ಮನೆಯಲ್ಲಿ ಮಾತು ಪಿಸುಗುಡುತ್ತಿತ್ತು. ನಮ್ಮ ಗದ್ದೆಯ ಗೇಣಿದಾರನ ಮಗ ನಮ್ಮ ಜೊತೆಗೇ ಶಾಲೆಗೆ ಬರುವವನು, ಸುಲಿತಕ್ಕೂ ಕೂರುವವನು. ಅವತ್ತು ಬರಲೋ ಬೇಡವೋ ಎಂದು ಅಂಗಳದಲ್ಲೇ ನಿಂತಿದ್ದವನನ್ನು ಅಜ್ಜಯ್ಯ ಕರೆದು ಮೆಟ್ಟುಗತ್ತಿಯ ಪಕ್ಕ ಕೂರಿಸಿ, "ಕಾಗೋಡಿನ ಸತ್ಯಾಗ್ರಹ ಯಾವ ವರ್ಷ?" ಎಂದು ಕೇಳಿದ. ಮಾರನೇ ರಾತ್ರಿ ಅವನೇ ಹೇಳಿದ, 1951 ಎಂದು. ಲೋಹಿಯಾ ಬಂದು ಬಂಧನಕ್ಕೊಳಗಾದದ್ದನ್ನೂ ಸೇರಿಸಿದ, ಅದನ್ನು ಅವನ ಅಪ್ಪನೇ ಹೇಳಿಕೊಟ್ಟಿದ್ದನಂತೆ. ಜಗುಲಿಯಲ್ಲಿ ಕತ್ತಿಗಳ ಸದ್ದು ನಿಂತಿತ್ತು. ಅಜ್ಜಯ್ಯ ತಬಕಿನಿಂದ ಎಲೆಯೊಂದನ್ನು ತೆಗೆದು ತೊಡೆಗೆ ಒರೆಸಿ, ಸುಣ್ಣ ಹಚ್ಚುತ್ತ, "ಉತ್ತವಂಗೆ ಸೇರದು ನ್ಯಾಯ. ನಂಗೆ ಕಷ್ಟ ಆಗ್ತು, ಆದ್ರೂ ನ್ಯಾಯ" ಎಂದ. ಮಾರನೇ ಬೆಳಿಗ್ಗೆ ಆ ಹುಡುಗ ಬಂದು ರೇಡಿಯೊದ ಗುಂಡಿ ತಿರುಗಿಸಿದ. ಗದ್ದೆ ಹೋಯಿತು, ಅವನ ಬರುವಿಕೆ ನಿಲ್ಲಲಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಮಾತ್ರ ಪ್ರಶ್ನೆಗಳು ಬದಲಾದವು. ನದಿ, ಬೆಟ್ಟ, ಮಹಾಭಾರತದ ಉಪಪಾತ್ರಗಳು, ಗೋಲಗುಮ್ಮಟದ ಪ್ರತಿಧ್ವನಿ. ಸುದ್ದಿಯ ಮೇಲಿನ ಮಾತು ನಿಂತೇಹೋಗಿತ್ತು. ವಾರ್ತೆ ಮುಗಿದೊಡನೆ ರೇಡಿಯೊ ಆರಿಸಿ ಕವಳ ಹಾಕುತ್ತಿದ್ದ, ನಾವು ಕೇಳಿದರೂ ಉತ್ತರವಿಲ್ಲ. 1977ರ ಮಾರ್ಚಿನಲ್ಲಿ ಚುನಾವಣೆಯ ಫಲಿತಾಂಶ ಬಂದ ರಾತ್ರಿ ಪ್ರಶ್ನೆ ಕೇಳುವುದನ್ನೇ ಮರೆತು ಬೆಳಗಿನ ಜಾವದ ತನಕ ಮಾತಾಡಿದ. ದೇಶಕ್ಕೆ ಏನಾಗಿತ್ತೆಂಬುದು ಮಕ್ಕಳಾದ ನಮಗೆ ತಿಳಿದದ್ದು ಆ ಮೌನ ಮತ್ತು ಆ ಮಾತು, ಎರಡನ್ನೂ ಕಂಡ ಮೇಲೆ.

ಅಜ್ಜಯ್ಯ ಹೋದ. ಮನೆ ಪಾಲಾಯಿತು. ಜಗುಲಿಗೆ ಟೈಲ್ಸ್ ಬಂತು, ಅಡಕೆ ಸುಲಿಯಲು ಯಂತ್ರ ಬಂತು. ಅದರ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸದು. 2012ರಲ್ಲಿ ಟೀವಿಯಲ್ಲಿ 'ಕನ್ನಡದ ಕೋಟ್ಯಧಿಪತಿ' ಶುರುವಾದಾಗ ಪುನೀತ್ ರಾಜ್‌ಕುಮಾರ್ ಕೇಳಿದ ಪ್ರಶ್ನೆಗಳಿಗೆಲ್ಲ ನಮ್ಮ ದೊಡ್ಡತ್ತೆ ಸೋಫಾದ ಮೇಲಿಂದ ಪಟಪಟನೆ ಉತ್ತರ ಹೇಳುತ್ತಿದ್ದಳು. ಹೇಳಿ ಮುಗಿದ ಮೇಲೆ ಕೋಣೆಯಲ್ಲಿದ್ದವರ ಮುಖ ಒಂದೊಂದಾಗಿ ನೋಡುತ್ತಿದ್ದಳು, ಯಾರಾದರೂ ಆ ಸಂಗತಿಯ ಬಗ್ಗೆ ಒಂದು ಮಾತು ಆಡಿಯಾರು ಎಂದು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಈಗ ಜಿಲ್ಲೆಗಳು 31. ನಮ್ಮ ಮಕ್ಕಳಿಗೆ ಅದು ಬೆರಳ ತುದಿಯಲ್ಲೇ ಸಿಗುತ್ತದೆ. ಗದಗ, ಹಾವೇರಿ, ಕೊಪ್ಪಳ ಯಾಕೆ ಬೇರೆಯಾದವೆಂದು ಅವರೊಡನೆ ಕೂತು ವಾದಿಸುವವರು ಮನೆಯಲ್ಲಿಲ್ಲ.

ಅಜ್ಜಯ್ಯ ಪ್ರಶ್ನೆಗಳನ್ನೂ ಅವತ್ತಿನ ಅಭಿಪ್ರಾಯವನ್ನೂ ಅಡಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದ, ಎಡಕ್ಕೆ ಪ್ರಶ್ನೆ, ಬಲಕ್ಕೆ ತನ್ನ ಮಾತು. ಪಾಲಿನ ಗಡಿಬಿಡಿಯಲ್ಲಿ ಹೆಚ್ಚಿನವು ರದ್ದಿಗೆ ಹೋದವು, ಉಳಿದ ಕೆಲವು ತಂಗಿಯ ಮನೆಯಲ್ಲಿವೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಪುಸ್ತಕಗಳಿದ್ದಾವು. ಲೆಕ್ಕದ ಪುಸ್ತಕವೆಂದು ತೂಕಕ್ಕೆ ಹಾಕುವ ಮೊದಲು ದಯವಿಟ್ಟು ಹಿಂದಿನ ಹಾಳೆಗಳನ್ನು ಒಮ್ಮೆ ತಿರುವಿ ನೋಡಿ.