ಆತಕೂರಿನ ಕಾಳಿ, ಪಾಲಿಬೆಟ್ಟದ ಕರಿಯ

ಆತಕೂರಿನ ಶಾಸನವನ್ನು ಕನ್ನಡ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಕ್ಕೋಲದ ಯುದ್ಧದ ಸಲುವಾಗಿ ಓದುತ್ತಾರೆ. ಶಕ 872ರ (ಕ್ರಿ.ಶ. 949-50) ಈ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ನಡೆಸಿದ ದಂಡಯಾತ್ರೆಯನ್ನೂ, ಗಂಗ ಇಮ್ಮಡಿ ಬೂತುಗನ ಕೈಯಲ್ಲಿ ರಾಜಾದಿತ್ಯನು ಮಡಿದುದನ್ನೂ ಹೇಳುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಕಲ್ಲು ನಿಂತದ್ದು ಒಂದು ನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗ ಮೆಚ್ಚಿ ಬೇಕಾದುದನ್ನು ಕೇಳಿಕೊಳ್ಳಲು ಹೇಳಿದಾಗ ಅವನು ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಪರಸ್ಪರ ಕಾದಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಡೆಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸಲಾಯಿತು. ನಾಯಿ, ಹಂದಿಗಳ ಕಾಳಗವನ್ನು ಕಂಡರಿಸಿದ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೆರನ ದುಃಖ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಒಮ್ಮೆಗೇ ಬಂದ ದುಃಖ. ಬೆಳಿಗ್ಗೆ ಬೇಟೆಗೆ ಹೊರಟ ನಾಯಿ ಸಂಜೆಗೆ ಇರಲಿಲ್ಲ. ಅದು ಮುದಿಯಾಗಿ, ಕಣ್ಣು ಮಂಜಾಗಿ, ಬಾಗಿಲ ಹೊಸ್ತಿಲನ್ನು ದಾಟಲಾರದೆ ನಿಂತದ್ದನ್ನು ಅವನು ನೋಡಬೇಕಾಗಲಿಲ್ಲ. ಕನ್ನಡ ಸಾಹಿತ್ಯದ ಪ್ರಸಿದ್ಧ ನಾಯಿಗಳೂ ಹಾಗೆಯೇ ಹಠಾತ್ತನೆ ಹೋಗುತ್ತವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ಹುಲಿಯ ತುಂಬಿದ ಹೊಳೆಯ ಪಾಲಾಗುತ್ತದೆ. ಓದುಗ ಆ ಪುಟವನ್ನು ಮರೆಯಲಾರ. ಆದರೂ ಅದು ಒಂದು ಗಳಿಗೆಯ ಸಾವು. ತಿಂಗಳುಗಟ್ಟಲೆ ನಿಧಾನವಾಗಿ ಸಮೀಪಿಸುವ ಸಾವನ್ನು ಮನೆಯವರು ಹೇಗೆ ಎದುರಿಸಬೇಕು ಎಂಬುದಕ್ಕೆ ವೀರಗಲ್ಲುಗಳಲ್ಲಿ ಉತ್ತರವಿಲ್ಲ.

ಉತ್ತರವಿಲ್ಲದಿರಲು ಕಾರಣವೂ ಇದೆ: ಮುಪ್ಪಿನವರೆಗೆ ಬದುಕುವ ನಾಯಿ ಅಪರೂಪವಾಗಿತ್ತು. ದಕ್ಷಿಣ ಕೊಡಗಿನ ಪಾಲಿಬೆಟ್ಟದಂಥ ಕಾಫಿ ಸೀಮೆಯಲ್ಲಿ ಇಂದಿಗೂ ಅದು ಸುಲಭವಲ್ಲ. ತೋಟದ ಮನೆಯ ನಾಯಿಯನ್ನು ಚಿರತೆ ಒಯ್ಯುತ್ತದೆ, ಹಾವು ಕಚ್ಚುತ್ತದೆ, ರಸ್ತೆಯಲ್ಲಿ ಜೀಪು ಹಾಯುತ್ತದೆ. ರಾತ್ರಿ ಆನೆ ತೋಟಕ್ಕೆ ಇಳಿದರೆ ಮೊದಲು ತಿಳಿಯುವುದು ಅದಕ್ಕೇ. ಬೊಗಳುವ ದನಿಯ ಬದಲಾವಣೆಯಿಂದಲೇ ಬಂದದ್ದು ಹಂದಿಯೋ ಆನೆಯೋ ಎಂದು ಮನೆಯವರು ಗುರುತಿಸುತ್ತಾರೆ. ಇಂಥ ಕೆಲಸದ ನಾಯಿಗೆ ಹದಿಮೂರು ವರ್ಷ ತುಂಬುವುದೆಂದರೆ ಅದು ಲಸಿಕೆಯ, ಪಶುವೈದ್ಯರ, ಮತ್ತು ಒಂದಿಷ್ಟು ಅದೃಷ್ಟದ ಫಲ.

ಅಂಥ ಒಂದು ನಾಯಿ ಪಾಲಿಬೆಟ್ಟದ ಮನೆಯೊಂದರಲ್ಲಿದೆ. ಹೆಸರು ಕರಿಯ, ಮೂತಿ ಮಾತ್ರ ಈಗ ಬಿಳಿ. ಮೂತ್ರಪಿಂಡಗಳು ಸೋತಿವೆ, ಹಿಂಗಾಲುಗಳು ಎಳೆಯುತ್ತವೆ. ‘ಇನ್ನು ಕೆಲವು ವಾರ’ ಎಂದು ವೈದ್ಯರು ಹೇಳಿ, ಉಳಿದುದನ್ನು ಮನೆಯವರಿಗೇ ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ಮಗ ದಿನವೂ ಫೋನಿನಲ್ಲಿ ಒಂದೇ ಮಾತು ಹೇಳುತ್ತಾನೆ: ‘ಅಪ್ಪ, ಅದನ್ನು ನರಳಿಸಬೇಡಿ, ಇಂಜೆಕ್ಷನ್ ಕೊಡಿಸಿಬಿಡಿ.’ ಎಪ್ಪತ್ತು ದಾಟಿದ ತಂದೆ ಅದಕ್ಕೆ ಹೌದೆಂದೂ ಅನ್ನುವುದಿಲ್ಲ, ಇಲ್ಲವೆಂದೂ ಅನ್ನುವುದಿಲ್ಲ. ಅವರು ಮಾಡಿದ್ದು ಬೇರೆ. ಹದಿಮೂರು ವರ್ಷ ಬೆಳಗಿನ ಸುತ್ತಾಟಕ್ಕೆ ಅದನ್ನು ಕರೆದೊಯ್ಯುತ್ತಿದ್ದವರು ಈಗ ಹಿಂದಿನ ಬಾಗಿಲಿನಿಂದ ತೋಟಕ್ಕೆ ಹೋಗತೊಡಗಿದ್ದಾರೆ, ಜಗಲಿಯಲ್ಲಿ ಮಲಗಿದ ಕರಿಯ ಕಣ್ಣಿಗೆ ಬೀಳದಿರಲೆಂದು. ಹಗ್ಗ, ಬಟ್ಟಲುಗಳನ್ನು ಉಗ್ರಾಣಕ್ಕೆ ಹಾಕಿಸಿದ್ದೂ ಆಗಿದೆ. ನಾಯಿ ಇನ್ನೂ ಇರುವಾಗಲೇ!

ಇದಕ್ಕೆ ಆಧುನಿಕ ಮನೋವಿಜ್ಞಾನದಲ್ಲಿ ಹೆಸರಿದೆ. ಕನ್ನಡದಲ್ಲಿ ಮುಂಗಡ ಶೋಕ ಎನ್ನಬಹುದು. ಬಾಸ್ಟನ್ನಿನ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಶೋಕದ ಲಕ್ಷಣಗಳನ್ನು ಕುರಿತು ಬರೆದ ಪ್ರಬಂಧದ ಕೊನೆಯಲ್ಲಿ ಇದನ್ನು ವಿವರಿಸಿದನು. ಯುದ್ಧಕ್ಕೆ ಹೋದ ಗಂಡ ಸತ್ತೇಹೋಗುತ್ತಾನೆಂಬ ಭಯದಲ್ಲಿ ಹೆಂಡತಿ ಮೊದಲೇ ಅತ್ತು ಮುಗಿಸುತ್ತಾಳೆ. ಗಂಡ ಜೀವಂತ ಮರಳಿದಾಗ ಅವನಿಗಾಗಿ ಅವಳ ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ. ಮುಂಗಡ ಶೋಕ ಮನಸ್ಸನ್ನು ಸಿದ್ಧಗೊಳಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಲಿಂಡೆಮನ್ ಕಂಡದ್ದು ಅದರ ಇನ್ನೊಂದು ಮುಖ: ಸಿದ್ಧತೆ ಪೂರ್ಣವಾದರೆ ಬದುಕಿರುವವನೇ ಅನಾಥ. ಹಿಂದಿನ ಬಾಗಿಲಿನ ಯಜಮಾನರಿಗೆ ಈ ಮಾತು ತಾಗುತ್ತದೆ. ಅವರದು ನಿರ್ದಯತೆಯಲ್ಲ, ಪ್ರೀತಿಯೇ. ಆದರೆ ಜಗಲಿಯಲ್ಲಿರುವ ನಾಯಿಗೆ ಸಿಗುತ್ತಿರುವುದು ಅವರ ಗೈರುಹಾಜರಿ ಮಾತ್ರ.

ವೀರಗಲ್ಲುಗಳು ಹೇಳದುದನ್ನು ಹೇಳುವ ಕಥೆಯೊಂದು ಜೀವಂಧರನ ಚರಿತೆಯಲ್ಲಿದೆ. ಸಂಸ್ಕೃತದಲ್ಲಿ ವಾದೀಭಸಿಂಹನ ‘ಕ್ಷತ್ರಚೂಡಾಮಣಿ’, ತಮಿಳಿನಲ್ಲಿ ‘ಜೀವಕ ಚಿಂತಾಮಣಿ’, ಕನ್ನಡದಲ್ಲಿ 1424ರಲ್ಲಿ ಭಾಸ್ಕರನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ‘ಜೀವಂಧರ ಚರಿತೆ’, ಹೀಗೆ ಈ ಕಥೆ ದಕ್ಷಿಣದಲ್ಲೆಲ್ಲ ಹರಿದಾಡಿದೆ. ವಸಂತದ ಜಲಕ್ರೀಡೆಯ ಸಮಯದಲ್ಲಿ ಹವಿಸ್ಸನ್ನು ಮುಟ್ಟಿತೆಂದು ನಾಯಿಯೊಂದನ್ನು ಸಾಯಬಡಿಯುತ್ತಾರೆ. ಜೀವಂಧರ ಅದನ್ನು ಉಳಿಸಲು ಯತ್ನಿಸುತ್ತಾನೆ. ಉಳಿಯದೆಂದು ತಿಳಿದ ಮೇಲೆ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಜೀವಂಧರನ ಕಷ್ಟಕಾಲದಲ್ಲಿ ನೆರವಾಗುತ್ತದೆ. ಅಧ್ಯಯನಕಾರರು ಈ ಪ್ರಸಂಗವನ್ನು ಮಂತ್ರದ ಮಹಿಮೆಗೆ ದೃಷ್ಟಾಂತವೆಂದು ಗುರುತಿಸಿ ಮುಂದೆ ಸಾಗುತ್ತಾರೆ. ಅದು ಸರಿಯೇ. ಆದರೆ ಕಥೆಯ ಕ್ರಮವನ್ನು ಗಮನಿಸಬೇಕು. ಮೊದಲು ಚಿಕಿತ್ಸೆ, ಆಮೇಲೆ ಸಾಮೀಪ್ಯ. ಚಿಕಿತ್ಸೆ ವಿಫಲವಾದ ಕೂಡಲೇ ಜೀವಂಧರ ಎದ್ದು ಹೋಗಲಿಲ್ಲ. ರಾಜಕುಮಾರನಾದವನು ಸಾಯುವ ನಾಯಿಯ ಕಿವಿಯವರೆಗೆ ಬಾಗಿದನು. ಅವನಿಗೆ ಆ ನಾಯಿಯ ಪರಿಚಯವೂ ಇರಲಿಲ್ಲ. ಹದಿಮೂರು ವರ್ಷದ ಒಡನಾಟವಿದ್ದವರಿಗೆ ಹಾಗೆ ಬಾಗುವುದು ಇನ್ನೂ ಕಷ್ಟ. ಕಥೆ ಆ ಕಷ್ಟವನ್ನು ಎತ್ತಿಕೊಂಡಿಲ್ಲ.

ಪ್ರಾಣಿಯ ಅಂತ್ಯಕಾಲವನ್ನು ಇಷ್ಟು ಗಂಭೀರವಾಗಿ ಕಾಣುವ ಕಥೆಗಳು ಜೈನಪುರಾಣಗಳಲ್ಲಿ ಬೇರೆಯೂ ಇವೆ. ಮಹಾವೀರನ ಹಿಂದಿನ ಭವವೊಂದರಲ್ಲಿ ಅವನು ಸಿಂಹ. ಚಾರಣಮುನಿಗಳ ಉಪದೇಶ ಕೇಳಿ ಹಿಂಸೆಯನ್ನು ತೊರೆದು, ನಿರಾಹಾರದಿಂದ ದೇಹ ಬಿಡುತ್ತದೆ. ತೀರ್ಥಂಕರರ ಭವಾವಳಿಗಳನ್ನು ಕನ್ನಡ ಗದ್ಯಕ್ಕೆ ತಂದ ‘ಚಾವುಂಡರಾಯಪುರಾಣ’ ಮುಗಿದದ್ದು 978ರಲ್ಲಿ. ಅದೇ ಕಾಲಕ್ಕೆ, ಶಕ 899ರಲ್ಲಿ, ದಕ್ಷಿಣ ಕೊಡಗಿನ ಪೆಗ್ಗೂರಿನಲ್ಲಿ ಬೆಳಗೊಳದ ಅನಂತವೀರ್ಯನಿಗೆ ದತ್ತಿ ಬಿಟ್ಟ ಶಾಸನ ಹುಟ್ಟಿತು. ಈ ಕಥೆಗಳು ಕೊಡಗಿನ ಕಾಡುಗಳಿಗೆ ಅಪರಿಚಿತವಾಗಿರಲಿಲ್ಲ ಎನ್ನಲು ಅಷ್ಟು ಆಧಾರ ಸಾಕು. ಕರಿಯನೂ ಈಗ ಅನ್ನ ಬಿಟ್ಟಿದ್ದಾನೆ. ಅದನ್ನು ಸಲ್ಲೇಖನವೆಂದು ಕರೆಯುವುದು ಭಾವುಕತೆಯಾದೀತು: ಸಲ್ಲೇಖನ ಸಂಕಲ್ಪಪೂರ್ವಕವಾದ ವ್ರತ, ಇದು ಮೂತ್ರಪಿಂಡದ ರೋಗ ತರುವ ಓಕರಿಕೆ. ಆದರೂ ಬಾಯಿ ಬಿಡಿಸಿ ತುರುಕುವ ಕೈಯನ್ನು ತಡೆಯಲು ಸಿಂಹದ ಕಥೆ ಉಪಯೋಗಕ್ಕೆ ಬಂದರೆ ಬರಲಿ.

ಉಳಿದದ್ದು ಮಗ ಹೇಳಿದ ಇಂಜೆಕ್ಷನ್ನಿನ ಪ್ರಶ್ನೆ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಗುಣವಾಗದೆ ನರಳುತ್ತಿದ್ದಾಗ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಜೀವ ಬಿಡಿಸಿದರು. ಅದು ಅಹಿಂಸೆಯೇ ಎಂದು ವಾದಿಸಿದರು. ಜೈನರು ಉಗ್ರವಾಗಿ ಪ್ರತಿಭಟಿಸಿದರು. ಕರ್ಮವನ್ನು ಅನುಭವಿಸಿಯೇ ತೀರಿಸಬೇಕಾದ ಜೀವದ ಆಯುಷ್ಯವನ್ನು ಮೊಟಕುಗೊಳಿಸಲು ಇನ್ನೊಬ್ಬನಿಗೆ ಅಧಿಕಾರವೆಲ್ಲಿದೆ ಎಂಬುದು ಆ ಪಕ್ಷ. ನೋವನ್ನು ನೋಡುತ್ತ ಕೈಕಟ್ಟಿ ಕೂರುವುದು ದಯೆ ಹೇಗಾದೀತು ಎಂಬುದು ಈ ಪಕ್ಷ. ಸುಮಾರು ನೂರು ವರ್ಷ ಕಳೆದರೂ ಎರಡೂ ಪ್ರಶ್ನೆಗಳು ಹಾಗೆಯೇ ನಿಂತಿವೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಅಳತೆಗೋಲು ಕೊಟ್ಟಳು. ನೋವು, ಹಸಿವು, ನೀರಿನಂಶ, ಶುಚಿತ್ವ, ಸಂತೋಷ, ಚಲನೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಾಗಿರುವುದು ಎಂಬ ಏಳು ಅಂಶಗಳಿಗೆ ತಲಾ ಹತ್ತು ಅಂಕ. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ಅಂಕ ಹಾಕಿ ಸಾವನ್ನು ತೀರ್ಮಾನಿಸುವುದು ವಿಚಿತ್ರವೆನಿಸಿದರೂ ಅದರಲ್ಲೊಂದು ಗುಣವಿದೆ: ಅಂಕ ಹಾಕಬೇಕಾದವರು ದಿನವೂ ನಾಯಿಯ ಪಕ್ಕ ಕೂತು ನೋಡಲೇಬೇಕು. ಬೆಂಗಳೂರಿನಿಂದ ಫೋನಿನಲ್ಲಿ ಅದು ಸಾಧ್ಯವಿಲ್ಲ, ಹಿಂದಿನ ಬಾಗಿಲಿನಿಂದಲೂ ಸಾಧ್ಯವಿಲ್ಲ.

‘777 ಚಾರ್ಲಿ’ (2022) ಚಿತ್ರದಲ್ಲಿ ಕ್ಯಾನ್ಸರ್ ತಗುಲಿದ ನಾಯಿಗೆ ಹಿಮ ತೋರಿಸಲು ಧರ್ಮ ಉತ್ತರದ ತುದಿಯವರೆಗೆ ಪ್ರಯಾಣ ಮಾಡುತ್ತಾನೆ. ಪ್ರೇಕ್ಷಕರನ್ನು ಅಳಿಸಿದ ಪ್ರಯಾಣ ಅದು. ಪಾಲಿಬೆಟ್ಟದಲ್ಲಿ ಮಾಡಬೇಕಾದ ಪ್ರಯಾಣ ಹಿಂಬಾಗಿಲಿನಿಂದ ಜಗಲಿಗೆ, ಇಪ್ಪತ್ತು ಹೆಜ್ಜೆ.

ಆ ಇಪ್ಪತ್ತು ಹೆಜ್ಜೆಗಳನ್ನು ಹಾಕಿಸಿದ್ದು ಶಾಸನವೂ ಅಲ್ಲ, ಪುರಾಣವೂ ಅಲ್ಲ. ಲೈನ್‌ಮನೆಯಿಂದ ಅಂಗಳ ಗುಡಿಸಲು ಬರುವ ಹೆಂಗಸು. ‘ಸಾವ್ಕಾರ್ರೇ, ಅದಕ್ಕೆ ಕಣ್ಣು ಕಾಣೋದಿಲ್ಲ, ಕಿವಿ ಕೇಳೋದಿಲ್ಲ. ವಾಸನೆ ಮಾತ್ರ ಗೊತ್ತಾಗ್ತದೆ. ನೀವು ಆ ಕಡೆಯಿಂದ ಹೋದ್ರೂ ಮೂಗು ಅಲ್ಲಿಗೇ ತಿರುಗಿಸ್ತದೆ’ ಎಂದಳು ಅವಳು, ಪೊರಕೆ ನಿಲ್ಲಿಸದೆಯೇ. ಮುದಿ ನಾಯಿಗೆ ಕಿವಿ ಹೋದ ಮೇಲೂ ಮೂಗು ಬಹುಕಾಲ ಉಳಿಯುತ್ತದೆ ಎಂಬುದು ನಿಜ. ಮರುದಿನ ಯಜಮಾನರು ಉಗ್ರಾಣದಿಂದ ಬಟ್ಟಲು ತರಿಸಿದರು. ತಾವು ತೋಟಕ್ಕೆ ಹಾಕಿಕೊಂಡು ಹೋಗುವ ಹಳೆಯ ಸ್ವೆಟರನ್ನು ಮಡಿಸಿ ಕರಿಯನ ತಲೆಯಡಿಗೆ ಇಟ್ಟರು. ವೈದ್ಯರಿಗೆ ಫೋನು ಮಾಡಿ, ನೋವು ತಗ್ಗಿಸುವ ಮದ್ದು ಕೇಳಿದರು. ಇನ್ನೊಂದು ಮದ್ದಿನ ಮಾತು ಬಂದಾಗ, ‘ನಾಳೆ ನೋಡಿ ಹೇಳುತ್ತೇನೆ’ ಎಂದರು. ಈಗ ದಿನವೂ ಸಂಜೆ ಹಾಗೆಯೇ ಹೇಳುತ್ತಾರೆ, ಜಗಲಿಯ ನೆಲದ ಮೇಲೆ ಕೂತು, ಒಂದು ಕೈಯನ್ನು ಆ ಬಿಳಿಯ ಮೂತಿಯ ಮುಂದೆ ಇಟ್ಟುಕೊಂಡು.