ಸೊನ್ನೆಯೂ ಮೌನವೂ

ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲು ಹಾದಿಯಲ್ಲಿ, ಚಿನ್ನದ ಗಣಿಗಳ ಕಡೆಗೆ ಮಾರಿಕುಪ್ಪಂವರೆಗೆ ಸಾಗುವ ಕವಲು ಒಡೆಯುವುದು ಬಂಗಾರಪೇಟೆಯಲ್ಲಿ. ಇಂತಹ ನಿಲ್ದಾಣಗಳಲ್ಲಿ ಹಿಂದೆ ಇದ್ದ ಕೈಮರಗಳನ್ನು ಕಂಡವರು ಅವುಗಳ ಒಂದು ಗುಣವನ್ನು ಬಲ್ಲರು. ಎಳೆಯುವ ತಂತಿ ಹರಿದುಹೋದರೆ, ಕಟ್ಟಿದ ಭಾರದ ಬಲದಿಂದ ಕೈ ಅಡ್ಡವಾಗಿ ನಿಲ್ಲುವುದು. ಅಂದರೆ ಗಾಡಿಗೆ ‘ನಿಲ್ಲು’ ಎಂದೇ ಹೇಳುವುದು. ಯಾರೂ ಆಜ್ಞೆ ಕೊಡದಿದ್ದಾಗ ಯಂತ್ರವು ಏನು ಮಾಡತಕ್ಕದ್ದೆಂಬುದನ್ನು ಅದನ್ನು ರಚಿಸಿದವರು ಮೊದಲೇ ಗೊತ್ತುಮಾಡಿದ್ದರು. ಇಂತಹ ಪೂರ್ವನಿಶ್ಚಯಕ್ಕೆ ಗಣಕಶಾಸ್ತ್ರದಲ್ಲಿ ಡಿಫಾಲ್ಟ್ ಎಂದು ಹೆಸರು.

ಅಳೆಯುವ ಯಂತ್ರಗಳಲ್ಲಿ ಈ ನಿಶ್ಚಯವು ಇನ್ನೂ ಸೂಕ್ಷ್ಮವಾದುದು. ಎಣಿಸುವ ಯಂತ್ರವು ‘ಸೊನ್ನೆ’ ಎಂದರೆ ಅದಕ್ಕೆ ಎರಡು ಅರ್ಥಗಳುಂಟು. ಏನೂ ನಡೆಯಲಿಲ್ಲವೆಂಬುದು ಒಂದು. ನಡೆದುದನ್ನು ಎಣಿಸಲೇ ಇಲ್ಲವೆಂಬುದು ಮತ್ತೊಂದು. ಮೊದಲನೆಯದು ಜ್ಞಾನ, ಎರಡನೆಯದು ಕೇವಲ ಮೌನ.

ಇವುಗಳ ಅಂತರವೆಷ್ಟೆಂಬುದಕ್ಕೆ ಕೋಲಾರದ ಗಣಿಯೇ ಸಾಕ್ಷಿ. 1960ರ ದಶಕದ ಆದಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಗಣಿಯ ಬೇರೆಬೇರೆ ಆಳಗಳಲ್ಲಿ ಎಣಿಸಿದರು. ಕೆಳಗಿಳಿದಂತೆಲ್ಲ ಎಣಿಕೆ ಕಡಮೆಯಾಯಿತು. ಸುಮಾರು 2,700 ಮೀಟರು ಆಳದಲ್ಲಿ ಸುಮಾರು 2 ತಿಂಗಳು ಕಾದರೂ ಒಂದು ಕಣವೂ ಎಣಿಕೆಗೆ ಬರಲಿಲ್ಲ. ಆದರೆ ಆ ಸೊನ್ನೆ ವ್ಯರ್ಥವಾಗಲಿಲ್ಲ. ಇಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ನ್ಯೂಟ್ರಿನೊಗಳ ಗುರುತನ್ನು ಹಿಡಿಯಬಹುದೆಂಬ ಧೈರ್ಯ ಹುಟ್ಟಿತು. 1965ರಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಂ ನಗರಗಳ ವಿದ್ವಾಂಸರೊಡಗೂಡಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಅವರು ಕಂಡರು. ಮೊದಲಿನ ಸೊನ್ನೆಗೆ ಬೆಲೆ ಬಂದುದು, ಯಂತ್ರವು ಎಷ್ಟು ಕಾಲ ಎಚ್ಚರವಾಗಿದ್ದಿತೆಂಬ ಲೆಕ್ಕವು ಅದರ ಪಕ್ಕದಲ್ಲಿದ್ದುದರಿಂದ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಗಣಿಯೂರಿನ ಅನೇಕರು ಈಗ ದಿನವೂ ಅದೇ ಕವಲು ಹಾದಿಯ ರೈಲು ಹತ್ತಿ ಬೆಂಗಳೂರಿಗೆ ದುಡಿಮೆಗೆ ಹೋಗಿಬರುತ್ತಾರೆ. ಆ ನಗರದ ಕಚೇರಿಗಳನ್ನು ತುಂಬಿರುವ ಗಣಕಗಳೊಳಗೂ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಅಡಗಿದೆ.

ಗಣಕದ ಕಾರ್ಯಗಳನ್ನೆಲ್ಲ ಆಳುವ ತಂತ್ರಾಂಶದ ತಿರುಳಿಗೆ ಕರ್ನೆಲ್ ಎಂದು ಹೆಸರು. ಎಷ್ಟು ಆದೇಶಗಳು ನಡೆದುವು, ಬೇಕಾದುದು ಹತ್ತಿರದ ಸ್ಮೃತಿಯಲ್ಲಿ ಸಿಕ್ಕದೆ ಎಷ್ಟು ಸಲ ದೂರ ಹೋಗಬೇಕಾಯಿತು ಎಂಬುದನ್ನೆಲ್ಲ ಲೆಕ್ಕವಿಡುವ ಕೌಂಟರುಗಳು ಪ್ರೊಸೆಸರಿನಲ್ಲಿ ಕೆಲವೇ ಇರುತ್ತವೆ. ಇವುಗಳನ್ನು ಬಳಸಲು ಲಿನಕ್ಸ್ ಕರ್ನೆಲ್ 2009ರಲ್ಲಿ ಒಂದು ಸಾಮಾನ್ಯ ದ್ವಾರವನ್ನು ತೆರೆಯಿತು. ಎಣಿಸಬೇಕಾದ ಸಂಗತಿಗಳು ಕೌಂಟರುಗಳಿಗಿಂತ ಹೆಚ್ಚಾದರೆ ಕರ್ನೆಲ್ ಅವುಗಳಿಗೆ ಸರದಿಯಂತೆ ಅವಕಾಶ ಕೊಡುತ್ತದೆ. ಒಂದು ಸಂಗತಿಯನ್ನು ಕಾಲುಭಾಗದಷ್ಟು ಕಾಲ ಮಾತ್ರ ಎಣಿಸಿದ್ದರೆ, ಬಂದ ಮೊತ್ತವನ್ನು ನಾಲ್ಕರಿಂದ ಗುಣಿಸಿ ಅಂದಾಜು ಮಾಡಬೇಕು. ಅದಕ್ಕೆ ಎರಡು ಅವಧಿಗಳು ತಿಳಿದಿರಬೇಕು: ಎಣಿಸೆಂದು ಕೇಳಿದ ಕಾಲ, ನಿಜವಾಗಿ ಎಣಿಸಿದ ಕಾಲ. ಕರ್ನೆಲ್ ಎರಡನ್ನೂ ಬಲ್ಲುದು. ಆದರೆ ಕೇಳಿದವರಿಗೆ ಮಾತ್ರ ಹೇಳುತ್ತದೆ. ಕೇಳದವರ ಕೈಗೆ ಬರುವುದು ಬರಿಯ ಸಂಖ್ಯೆ. ಕರ್ನೆಲಿನೊಡನೆ ಬರುವ ಪರ್ಫ್ ಎಂಬ ಸಾಧನವು ಅವಧಿಗಳನ್ನು ತಾನೇ ಕೇಳಿ ತಿಳಿದು, ಸರದಿಯೇ ಬಾರದ ಸಂಗತಿಯ ಮುಂದೆ ‘ಎಣಿಸಲಿಲ್ಲ’ ಎಂಬರ್ಥದ ಮಾತನ್ನು ಬರೆಯುತ್ತದೆ. ಇಷ್ಟು ಜಾಗರೂಕತೆ ಎಲ್ಲ ಸಾಧನಗಳಲ್ಲಿಯೂ ಇರುವುದೆಂದು ನಂಬುವಂತಿಲ್ಲ.

ಬರಿಯ ಸಂಖ್ಯೆಯ ಪಕ್ಷದಲ್ಲಿಯೂ ವಾದವುಂಟು. ಅಳತೆಯು ಅಳೆಯಲ್ಪಡುವ ವಸ್ತುವಿಗೆ ಭಾರವಾಗಬಾರದು. ಮಾದರಿಗಳನ್ನು ತೆಗೆಯುವ ಕೆಲಸವೇ ಪ್ರೊಸೆಸರಿನ ಕಾಲದಲ್ಲಿ ನೂರಕ್ಕೆ 25 ಭಾಗವನ್ನು ಮೀರಿದರೆ ಕರ್ನೆಲ್ ತಾನಾಗಿ ಅದರ ವೇಗವನ್ನು ತಗ್ಗಿಸುವುದು ಈ ಕಾರಣದಿಂದಲೇ. ಸಂಯಮವೂ ಅಗತ್ಯ. 2016ರಿಂದ, ಅಧಿಕಾರವಿಲ್ಲದವರು ಕರ್ನೆಲಿನ ಒಳನಡೆಯನ್ನು ಅಳೆಯಬಾರದೆಂಬುದೇ ಲಿನಕ್ಸಿನ ಪೂರ್ವನಿಶ್ಚಯ. ಈ ನಿರಾಕರಣೆಯಲ್ಲಿ ಮೋಸವಿಲ್ಲ. ‘ಕೊಡೆನು’ ಎಂದು ಸ್ಪಷ್ಟವಾಗಿ ಹೇಳುವುದರಿಂದ ಕೇಳಿದವನು ತಪ್ಪು ತಿಳಿಯುವುದಿಲ್ಲ. ಆದರೆ ಎಣಿಸದೆ ಬಂದ ಸೊನ್ನೆಯು ಎಣಿಸಿದ ಸೊನ್ನೆಯ ವೇಷವನ್ನೇ ಧರಿಸಿರುತ್ತದೆ. ಅದನ್ನು ನಂಬಿ, ಆಸ್ಪತ್ರೆಯ ಅಥವಾ ಬ್ಯಾಂಕಿನ ಗಣಕವು ಮಂದವಾದುದಕ್ಕೆ ಕಾರಣವನ್ನು ಹುಡುಕುವವನು ದೋಷವಿರುವ ಕಡೆಯನ್ನೇ ನಿರ್ದೋಷವೆಂದು ಬಿಟ್ಟುಬಿಡುವನು.

ಲಾಘವ, ಸಂಯಮ, ಸತ್ಯ ಈ ಮೂರೂ ಪೂರ್ವನಿಶ್ಚಯದಲ್ಲಿ ಇರತಕ್ಕವು. ಮೊದಲನೆಯದಕ್ಕಾಗಿ ಮೂರನೆಯದನ್ನು ಬಿಡುವುದು ದುಬಾರಿಯಾದ ಮಿತವ್ಯಯ. ಕೇಳಲು ತಿಳಿದವನು ಹೇಗೂ ಕೇಳಿ ಪಡೆಯುತ್ತಾನೆ. ಪೂರ್ವನಿಶ್ಚಯವಿರುವುದು ಕೇಳಲು ತಿಳಿಯದವನಿಗಾಗಿ. ಅವನಿಗೆ ಸಂಖ್ಯೆಯೊಡನೆ ಅವಧಿಯನ್ನೂ ಕೊಡುವುದೇ ನ್ಯಾಯ.