ಬೆನ್ನ ಹಿಂದಿನ ಬ್ರೇಕು

ಅಮೆರಿಕೆಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬರುವ ಹಿರಿಯರ ಕಣ್ಣಿಗೆ ಅಲ್ಲಿಯ ಹೆದ್ದಾರಿಗಳಲ್ಲಿ ಒಂದು ವಿಚಿತ್ರ ನೋಟ ಬೀಳುವುದುಂಟು. ಬಸ್ಸಿನಷ್ಟು ದೊಡ್ಡದಾದ ಮನೆಯೊಂದು ಚಕ್ರಗಳ ಮೇಲೆ ಸಾಗುತ್ತಿರುತ್ತದೆ. ಅದರ ಹಿಂದೆ ಒಂದು ಕಾರು, ನಾಲ್ಕು ಗಾಲಿಗಳನ್ನೂ ನೆಲಕ್ಕೂರಿ, ಚಾಲಕನಿಲ್ಲದೆ, ತಾಯ ಹಿಂದಿನ ಕರುವಿನಂತೆ ಓಡಿಬರುತ್ತಿರುತ್ತದೆ. ಉದ್ಯೋಗದಿಂದ ನಿವೃತ್ತರಾದ ಅನೇಕ ದಂಪತಿಗಳು ಅಲ್ಲಿ ಹೀಗೆ ಮನೆಯೊಡನೆಯೇ ದೇಶಸಂಚಾರ ಹೊರಡುತ್ತಾರೆ. ಬೀಡುಬಿಟ್ಟ ಮೇಲೆ ಹಾಲು ತರಕಾರಿ ತರಲು ಅಷ್ಟು ದೊಡ್ಡ ಮೋಟಾರುಮನೆಯನ್ನು ಹೊರಡಿಸಲಾದೀತೆ? ಅದಕ್ಕಾಗಿ ಈ ಕಾರು.

ನೋಟವೇನೋ ಮುದ್ದಾದುದೇ ಸರಿ. ಆದರೆ ತಾಯಿ ನಿಂತರೆ ನಿಲ್ಲುವ ಬುದ್ಧಿ ಕರುವಿಗುಂಟು, ಕಾರಿಗಿಲ್ಲ. 1600 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗ ಅದರಲ್ಲಿರುವ ಶಕ್ತಿ, ಅದೇ ಕಾರು ಹನ್ನೆರಡು ಅಂತಸ್ತಿನ ಕಟ್ಟಡದ ನೆತ್ತಿಯಿಂದ ನೆಲಕ್ಕೆ ಬೀಳುವಾಗಿನ ಶಕ್ತಿಗೆ ಸಮ. ಮೋಟಾರುಮನೆಯ ಬ್ರೇಕುಗಳು ಸಾಮಾನ್ಯವಾಗಿ ತಮ್ಮ ವಾಹನದ ಭಾರಕ್ಕೆಂದು ರಚಿತವಾದವು. ಹಿಂದಿನ ಕಾರಿನ ಬ್ರೇಕನ್ನೂ ತಕ್ಕ ಸಮಯಕ್ಕೆ ಯಾರಾದರೂ ಒತ್ತಬೇಕು. ಒತ್ತುವವರಾರು? ಆಯ್ಕೆಯ ತೊಡಕು ಇಲ್ಲಿಂದ ಮೊದಲಾಗುತ್ತದೆ.

ಒಂದು ಬಗೆ, ಪೆಟ್ಟಿಗೆಯಂಥ ಯಂತ್ರ. ಚಾಲಕನ ಪೀಠದ ಮುಂದೆ ಅದನ್ನಿಟ್ಟು, ಅದರ ತೋಳನ್ನು ಬ್ರೇಕಿನ ಪೆಡಲಿಗೆ ಕಚ್ಚಿಸಿದರೆ, ವೇಗ ತಗ್ಗಿದುದನ್ನು ತಾನೇ ಅರಿತು ಪೆಡಲನ್ನು ಒತ್ತುತ್ತದೆ. ಕಾರು ಬದಲಾದರೆ ಪೆಟ್ಟಿಗೆಯೂ ಜೊತೆಗೆ ಸಾಗುತ್ತದೆ. ಇನ್ನೊಂದು ಬಗೆ, ಕಾರಿನೊಳಗೇ ಶಾಶ್ವತವಾಗಿ ಕೂಡಿಸಿದುದು. ಕೂಡಿಸಲು ಶ್ರಮವುಂಟು, ಖರ್ಚುಂಟು. ಆಮೇಲೆ ತಂತಿಯನ್ನೋ ಕೊಳವೆಯನ್ನೋ ಸಿಕ್ಕಿಸಿದರೆ ಮುಗಿಯಿತು. ದೊಡ್ಡ ಮೋಟಾರುಮನೆಗಳಲ್ಲಿರುವ ಗಾಳಿಯ ಬ್ರೇಕಿನ ಒತ್ತಡದಿಂದಲೇ ಕಾರಿನ ಬ್ರೇಕನ್ನು ನಡೆಸುವ 'ಏರ್ ಫೋರ್ಸ್ ಒನ್' ಈ ಬಗೆಯದು. ಮುಂದೆ ಮೆಲ್ಲಗೆ ಒತ್ತಿದರೆ ಹಿಂದೆಯೂ ಮೆಲ್ಲಗೆ, ಮುಂದೆ ಬಲವಾದರೆ ಹಿಂದೆಯೂ ಬಲ. ಈ ಅನುಪಾತವೇ ಉತ್ತಮ ಸಾಧನದ ಲಕ್ಷಣ.

ಕಾರಿನ ಸ್ವಭಾವವನ್ನೂ ಅರಿಯಬೇಕು. ಎಂಜಿನ್ ನಿಂತ ಸಾಧಾರಣ ಕಾರಿನಲ್ಲಿ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕಿನ ಪೆಡಲು ಕಲ್ಲಾಗುತ್ತದೆ. ಹಲವು ಹೈಬ್ರಿಡ್ ಕಾರುಗಳಲ್ಲಿ ಹಾಗಲ್ಲ. ಎಂಜಿನ್ ನಿಂತಿದ್ದರೂ ಪೆಡಲು ಮೃದುವಾಗಿಯೇ ಇರುವುದರಿಂದ ಯಂತ್ರದ ಒತ್ತು ಅತಿಯಾದೀತು. ಅಂಗಡಿಗೆ ಹೋಗುವ ಮೊದಲು ಕಾರಿನ ಕೈಪಿಡಿಯನ್ನು ಓದುವುದು ಲೇಸು.

ಇನ್ನು ಅಪಾಯಗಳೆರಡು. ಎಳೆಯುವ ಕಂಬಿ ತುಂಡಾದರೆ ಕಾರು ದಿಕ್ಕಿಲ್ಲದೆ ಓಡಬಾರದು. ಅದಕ್ಕೆಂದೇ ತೆಳುವಾದ ಹುರಿಯೊಂದನ್ನು ಕಟ್ಟಿರುತ್ತಾರೆ. ಅದು ಸೆಳೆದಾಗ ಕೀಲು ಕಳಚಿ, ಕಾರಿನ ಬ್ರೇಕು ತಾನಾಗಿ ಬೀಳುತ್ತದೆ. ಎರಡನೆಯದು ಇದಕ್ಕೆ ವಿರುದ್ಧ: ಬ್ರೇಕು ಬಿಡಬೇಕಾದಾಗ ಬಿಡದಿರುವುದು. ಕೊಲೊರಾಡೊ ರಾಜ್ಯದ ಐಸೆನ್‌ಹೋವರ್ ಸುರಂಗವಿರುವುದು 11,000 ಅಡಿಗೂ ಮೀರಿದ ಎತ್ತರದಲ್ಲಿ. ಅಂಥ ಕಡೆಯಿಂದ ಮೈಲಿಗಟ್ಟಲೆ ಇಳಿಯುವಾಗ ಚಾಲಕ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದರೆ ಹಿಂದಿನ ಕಾರಿನ ಬ್ರೇಕೂ ಉಜ್ಜುತ್ತ ಕಾದು ಹೊಗೆಯಾಡೀತು; ಮುಂದೆ ಕುಳಿತವನ ಮೂಗಿಗೆ ಆ ವಾಸನೆ ಮುಟ್ಟದು. ಕೆಳಗಿನ ಗೇರಿನಲ್ಲಿ ಇಳಿಯುವ ಸಂಯಮವೂ, ಹಿಂದಿನ ಬ್ರೇಕಿನ ಸ್ಥಿತಿಯನ್ನು ತಿಳಿಸುವ ದೀಪವೊಂದು ಚಾಲಕನ ಕಣ್ಣೆದುರಿಗಿರುವುದೂ ಆದುದರಿಂದ ಅಗತ್ಯ.

ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ಎಳೆಯುವ ಗಾಡಿಗೆ ಬ್ರೇಕು ಬೇಕೆಂಬ ಮಿತಿಯನ್ನು ಅನೇಕ ರಾಜ್ಯಗಳು 3000 ಪೌಂಡಿಗೆ, ಎಂದರೆ ಸುಮಾರು 1360 ಕಿಲೋಗ್ರಾಮಿಗೆ ಇಟ್ಟಿವೆ. ಆದರೆ ಕಾನೂನು ತೂಗಲಾರದ ವಸ್ತುವೊಂದುಂಟು. ಅದು ಮನುಷ್ಯನ ಆಲಸ್ಯ. ಪೆಟ್ಟಿಗೆಯನ್ನು ಪ್ರತಿ ಪಯಣದಲ್ಲೂ ಹೊತ್ತು ತಂದು ಜೋಡಿಸಬೇಕು. ಮಳೆ ಹನಿಯುತ್ತಿದೆ, ಮೈ ದಣಿದಿದೆ, ಮುಂದಿನ ಬೀಡು ಹತ್ತೇ ಮೈಲಿ. 'ಇವತ್ತೊಂದು ದಿನ ಇಲ್ಲದಿದ್ದರೇನು?' ಎನ್ನುತ್ತಾರೆ ಯಜಮಾನರು. ಯಜಮಾನಿತಿಗೂ ಅದೇ ಸರಿಯೆನಿಸುತ್ತದೆ. ಆ ಹತ್ತು ಮೈಲಿಯೊಳಗೆ ಯಾವುದೋ ತಿರುವಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡ ಪರಿಚಯವಿಲ್ಲದ ಸಂಸಾರವೊಂದರ ಕಾರು ಥಟ್ಟನೆ ಮುಂದೆ ನಿಲ್ಲಬಹುದು. ಉಳಿಸಿದ ಐದು ನಿಮಿಷಕ್ಕೆ ಬೆಲೆ ತೆರುವವರು ಅವರು.

ವರ್ಷಕ್ಕೆರಡು ಸಲ ಮಾತ್ರ ಬೀಡು ಬದಲಿಸುವವರಿಗೆ ಪೆಟ್ಟಿಗೆ ಸಾಕು. ದಿನಕ್ಕೊಂದೂರಿನಲ್ಲಿ ತಂಗುವವರು ಹೆಚ್ಚು ಹಣ ತೆತ್ತಾದರೂ ಕಾರಿನಲ್ಲೇ ನೆಲೆನಿಂತ ಬ್ರೇಕನ್ನು ಕೊಳ್ಳುವುದು ಮೇಲು. ಯಂತ್ರದ ಗುಣಗಳನ್ನು ಅಂಗಡಿಯವನು ಹೇಳಿಯಾನು; ಮಳೆಯ ಸಂಜೆಯಲ್ಲಿ ಅದನ್ನು ಜೋಡಿಸುವ ಮನಸ್ಸು ತಮಗುಂಟೇ ಎಂಬುದನ್ನು ದಂಪತಿಗಳು ತಮ್ಮನ್ನೇ ಕೇಳಿಕೊಳ್ಳಬೇಕು.